ಗಂಜಿ ಕುಡಿಯುವ ಅದಿರು

ಕಲ್ಲಿನ ಒಂದು ಚೂರು ಕೊಟ್ಟರೆ ಅದರೊಳಗಿನ ಯುರೇನಿಯಂ ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ಬಂತು, ಹೇಗೆ ಅಲ್ಲಿ ನೆಲೆಯೂರಿತು ಎಂದು ನಿಂತ ಜಾಗದಲ್ಲೇ ಹೇಳಬಲ್ಲ ಯಂತ್ರವೊಂದಿದ್ದರೆ? ಡಾ. ಚಂದ್ರಪ್ರಭಾ ಮೇಳಕುಂದಿ ಈ ಪ್ರಶ್ನೆಯ ಬೆನ್ನು ಹತ್ತಿದಾಗ ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ. ಯಂತ್ರ ಕೈಗೆ ಬರುವ ಹೊತ್ತಿಗೆ ಕಿವಿಯ ಪಕ್ಕದಲ್ಲಿ ಬಿಳಿಕೂದಲು ಕಾಣಿಸಿಕೊಂಡಿತ್ತು. ಅದಕ್ಕೆ ಅವಳು ಬೇಸರಪಟ್ಟವಳಲ್ಲ. ಕಲಬುರಗಿಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಪ್ರಭಾ ಎಂದೇ ಕರೆಯುತ್ತಿದ್ದರು. ಯಂತ್ರಕ್ಕೆ ಅವಳಿಟ್ಟ ಹೆಸರು ಮೂಲಮಾಪಕ.

ಯುರೇನಿಯಂ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ಭಾರದ್ದು, ಹಗುರದ್ದು ಎಂದು ಮುಖ್ಯವಾಗಿ ಎರಡು ಬಗೆ. ಇವನ್ನೇ ಐಸೊಟೋಪುಗಳು ಅಥವಾ ಸಮಸ್ಥಾನಿಗಳು ಎನ್ನುವುದು. ಎಲ್ಲಿ ಅಗೆದು ನೋಡಿದರೂ ಹೆಚ್ಚುಕಡಿಮೆ ನೂರಮೂವತ್ತೆಂಟು ಭಾರದವುಗಳಿಗೆ ಒಂದು ಹಗುರದ್ದು ಸಿಗುತ್ತದೆ. ಆ ‘ಹೆಚ್ಚುಕಡಿಮೆ’ಯನ್ನು ಅಳೆಯುವುದೇ ಪ್ರಭಾಳ ಕೆಲಸ. ನೀರಿನಲ್ಲಿ ಕರಗಿ ಹರಿಯುವ ಯುರೇನಿಯಂ ಕೆಂಡದಂಥ ಬಿಸಿಬಂಡೆಯ ಬಿರುಕಿನಲ್ಲಿ ಗಟ್ಟಿಯಾದರೆ ಈ ಪ್ರಮಾಣ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ತಣ್ಣನೆಯ ನೆಲದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹಿಡಿದು ಗಟ್ಟಿ ಮಾಡಿದರೆ ಭಾರದ ಪರಮಾಣುಗಳು ತುಸು ಮುಂದಾಗಿ ಕಲ್ಲಿಗೆ ಸೇರುತ್ತವೆ. ಹಗುರದವು ತುಸು ಹೆಚ್ಚಾಗಿ ನೀರಿನಲ್ಲೇ ಉಳಿಯುತ್ತವೆ. ವ್ಯತ್ಯಾಸ ಸಾವಿರಕ್ಕೆ ಒಂದು ಪಾಲಿನಷ್ಟು ಇದ್ದರೆ ಹೆಚ್ಚು. ಅದನ್ನು ಅಳೆಯಲು ಹಿಂದೆ ಒಂದು ಕೋಣೆ ತುಂಬುವಷ್ಟು ದೊಡ್ಡ ಯಂತ್ರ ಬೇಕಿತ್ತು, ವಾರಗಟ್ಟಲೆ ಸಮಯ ಬೇಕಿತ್ತು. ಮೂಲಮಾಪಕ ಜೋಳದ ಹಿಟ್ಟಿನ ಡಬ್ಬಿಯಷ್ಟಿತ್ತು. ಒಂದು ಹನಿ ನೀರು ಹಾಕಿದರೆ ಚಹಾ ಕುದಿಯುವಷ್ಟರಲ್ಲಿ ಉತ್ತರ ಕೊಡುತ್ತಿತ್ತು.

ಅದರ ಮೊದಲ ದೊಡ್ಡ ಕೆಲಸವೇ ಮರಡಗಾ.

ಭೀಮಾ ನದಿಯ ಈಚೆ, ಸುಣ್ಣಕಲ್ಲಿನ ಬಯಲಿನಲ್ಲಿರುವ ಊರು ಮರಡಗಾ. ಮನೆಯ ಗೋಡೆ, ಚಾವಣಿ, ಅಂಗಳ ಎಲ್ಲವೂ ಚಪ್ಪಡಿಯಂಥ ಫರಸಿಕಲ್ಲಿನವು. ಊರಿನ ಕೆಳಗೆ ಬಹಳ ಆಳದಲ್ಲಿ, ಸುಣ್ಣಕಲ್ಲು ಹೋಗಿ ಗ್ರಾನೈಟಿಗೆ ತಾಗುವ ಕಡೆ, ಯುರೇನಿಯಂ ಅದಿರಿನ ಕಪ್ಪು ಪಟ್ಟಿಯೊಂದಿತ್ತು. ಅದು ಬಿಸಿನೀರಿನಿಂದ ಆದದ್ದೋ ಜೀವಿಗಳಿಂದ ಆದದ್ದೋ ಎಂಬ ಹಳೆಯ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಅದನ್ನು ಅಗೆಯುವ ಯೋಚನೆ ಆಗ ಯಾರಿಗೂ ಇರಲಿಲ್ಲ. ತೊಂದರೆ ಇದ್ದದ್ದು ಬೋರ್‌ವೆಲ್ ನೀರಿನಲ್ಲಿ. ಸಿಹಿಯಾದ, ಕನ್ನಡಿಯಂಥ ಆ ನೀರಿನಲ್ಲಿ ಮೂತ್ರಪಿಂಡ ಕೆಡಿಸುವಷ್ಟು ಯುರೇನಿಯಂ ಕರಗಿದೆ ಎಂದು ಗೊತ್ತಾದ ಮೇಲೆ ಪಂಪುಗಳಿಗೆ ಕೆಂಪು ಬಣ್ಣ ಬಳಿದು ಬೀಗ ಹಾಕಿದ್ದರು. ಊರು ಟ್ಯಾಂಕರ್ ನೀರಿನ ಮೇಲೆ ಬದುಕುತ್ತಿತ್ತು. ನೆಲದೊಳಗಿನಿಂದಲೇ ಬರುವ ವಿಷವನ್ನು ತಡೆಯಲಾಗದು ಎಂದಾದರೆ ಇಡೀ ಊರನ್ನು ದೂರದ ಹೊಸ ಬಡಾವಣೆಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ತಡೆಯಬಹುದೋ ಇಲ್ಲವೋ ಎಂದು ಹೇಳಬೇಕಾದವಳು ಪ್ರಭಾ.

ಅವಳು ಊರಿಗೆ ಬಂದಿಳಿದ ದಿನ ಮಲ್ಕಮ್ಮನ ಖಾನಾವಳಿಯ ಮುಂದೆ ಜಗಳ ನಡೆದಿತ್ತು. ಸುತ್ತಲಿನ ಕಲ್ಲಿನ ಗಣಿಗಳ ಕೆಲಸಗಾರರಿಗೆಲ್ಲ ಊಟ ಹಾಕುವ ಖಾನಾವಳಿ ಅದು. ಮಲ್ಕಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳ ಎದುರು ಕೈ ಬೀಸುತ್ತ ನಿಂತಿದ್ದವರು ಪಕ್ಕದ ಮನೆಯ ಗೌರಾಬಾಯಿ; ಪಂಚಾಯಿತಿ ಸದಸ್ಯೆ, ನಿವೃತ್ತ ಅಂಗನವಾಡಿ ಕಾರ್ಯಕರ್ತೆ.

“ಬಂದ್ರ್ಯಾ ಮೇಡಂ, ನೀವೇ ನೋಡ್ರಿ,” ಎಂದರು ಗೌರಾಬಾಯಿ. “ಈಕಿ ಖಾನಾವಳಿ ಬಚ್ಚಲ ನೀರೆಲ್ಲಾ ಬಾವಿ ಕಡಿಗೇ ಇಳೀತದ. ನಮ್ಮ ಅತ್ತಿ ಕಾಲಕ್ಕ ಎಷ್ಟು ಛಲೋ ನೀರಿತ್ತು. ಈಗ ಮೂಗು ಮುಚ್ಚಿಕೊಂಡು ಹಾಯಬೇಕು. ಎಮ್ಮಿ ಸುದ್ದಾ ಮುಟ್ಟಂಗಿಲ್ಲ.”

“ಎಮ್ಮಿ ನಿಮ್ಮ ದನೀಗೆ ಹೆದರಿ ಓಡತಾದ್ರಿ ಬಾಯಾರ,” ಎಂದಳು ಮಲ್ಕಮ್ಮ. “ನನ್ನ ಬಚ್ಚಲ ಗುಂಡಿ ಬ್ಯಾರೆ, ಬಾವಿ ಬ್ಯಾರೆ.”

ಪ್ರಭಾ ನಕ್ಕು ಒಳಗೆ ಹೋದಳು. ಅವಳಿಗೆ ಖಾನಾವಳಿಯ ಮೇಲಿನ ಕೋಣೆಯನ್ನೇ ಗೊತ್ತುಮಾಡಿದ್ದರು. ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ತಟ್ಟೆಗೆ ಬಿದ್ದಾಗ ಇಲ್ಲಿನ ಕೆಲಸ ಬೇಗ ಮುಗಿಯದಿದ್ದರೂ ಪರವಾಗಿಲ್ಲ ಅನ್ನಿಸಿತು. ಮಲ್ಕಮ್ಮ ಎದುರಿಗೆ ಕೂತು ಕೇಳಿದಳು.

“ಖರೇ ಹೇಳ್ರಿ ಮೇಡಂ, ಊರು ಬಿಡಬೇಕಾಗ್ತದೇನ್ರಿ?”

“ಇನ್ನೂ ಗೊತ್ತಿಲ್ಲವ್ವಾ. ನೋಡದ ಹ್ಯಾಂಗ ಹೇಳ್ಲಿ?”

“ಹೊಸ ಕಾಲೋನಿ ನೋಡ್ಕೊಂಡು ಬಂದೀನ್ರಿ. ಮನಿ ಛಲೋ ಕಟ್ಟ್ಯಾರ, ಸುಳ್ಳ್ಯಾಕ ಹೇಳ್ಲಿ. ಆದ್ರ ಅಲ್ಲಿ ಗಣಿ ಇಲ್ಲ. ಗಣಿ ಮಂದಿ ಇಲ್ದ ನಾ ಯಾರಿಗಿ ರೊಟ್ಟಿ ಬಡೀಲಿ?”

ಮರುದಿನದಿಂದ ಪ್ರಭಾ ಊರಿನ ನೀರನ್ನೆಲ್ಲ ಸೀಸೆಗಳಲ್ಲಿ ತುಂಬಿಕೊಂಡಳು. ಬೀಗ ಹಾಕಿದ ಬೋರ್‌ವೆಲ್‌ಗಳು, ಹೊಲದ ಕೊಳವೆಗಳು, ಊರಾಚೆಯ ಹಳ್ಳ. ಯಾವುದನ್ನೂ ಬಿಡಬಾರದೆಂದು ಖಾನಾವಳಿಯ ಹಿಂದಿನ ನಾರುವ ಬಾವಿಯಿಂದಲೂ ಒಂದು ಕೊಡ ಸೇದಿದಳು. ಕೊಳೆತ ಮೊಟ್ಟೆಯ ವಾಸನೆ ಅಂಗೈಗೆ ಹತ್ತಿ ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಬೋರ್‌ವೆಲ್‌ಗಳ ಉತ್ತರ ಅವಳು ಅಂದುಕೊಂಡಂತೆಯೇ ಬಂತು. ಯುರೇನಿಯಂ ಬಹಳ ಇತ್ತು, ಪ್ರಮಾಣ ಗ್ರಾನೈಟಿನದ್ದೇ. ಅಂದರೆ ನೀರು ಮೂಡಣದ ಗ್ರಾನೈಟ್ ಗುಡ್ಡಗಳನ್ನು ತೊಳೆದುಕೊಂಡು ಬರುತ್ತಿದೆ. ಗುಡ್ಡ ಇರುವವರೆಗೆ ಯುರೇನಿಯಂ ಬರುತ್ತಲೇ ಇರುತ್ತದೆ. ಇದು ಊರಿಗೆ ಒಳ್ಳೆಯ ಸುದ್ದಿಯಲ್ಲ.

ಬಾವಿಯ ನೀರಿನ ಉತ್ತರ ಮಾತ್ರ ಬೇರೆ ಇತ್ತು. ಅದರಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ. ಇದ್ದ ಆ ಚೂರಿನಲ್ಲೂ ಭಾರದ ಪರಮಾಣುಗಳು ಇರಬೇಕಾದಷ್ಟು ಇರಲಿಲ್ಲ. ಪ್ರಭಾ ಯಂತ್ರ ಒರೆಸಿದಳು, ಮತ್ತೆ ಹನಿ ಹಾಕಿದಳು. ಅದೇ ಉತ್ತರ. ಬಾವಿಯ ಇನ್ನೊಂದು ಮಗ್ಗುಲಿಂದ ನೀರು ತಂದು ನೋಡಿದಳು. ಮತ್ತೆ ಅದೇ.

ಕಲಬುರಗಿಗೆ ಫೋನು ಮಾಡಿದಾಗ ಪ್ರಯೋಗಾಲಯದ ಮುಖ್ಯಸ್ಥ ಡಾ. ಹಬೀಬುದ್ದೀನ್ ಸಾವಧಾನವಾಗಿ ಕೇಳಿಸಿಕೊಂಡರು. ಅವಳಿಗೆ ಈ ವಿದ್ಯೆಯ ಮೊದಲ ಪಾಠ ಹೇಳಿಕೊಟ್ಟವರು ಅವರು.

“ಮಳಿ ನೀರು ಕೂಡಿರಬೇಕಮ್ಮ. ತೆಳುವಾಗ್ಯಾದ, ಅಷ್ಟೇ.”

“ತೆಳುವಾದ್ರ ಯುರೇನಿಯಂ ಕಡಿಮಿ ಆಗ್ತದ ಸರ್, ಪ್ರಮಾಣ ಬದಲಾಗಂಗಿಲ್ಲ. ಹಾಲಿಗಿ ನೀರು ಕೂಡಿಸಿದ್ರ ಎಮ್ಮಿ ಹಾಲು ಆಕಳ ಹಾಲಾಗ್ತದೇನು?”

ಅವರು ನಕ್ಕರು. “ಹಂಗಾದ್ರ ನಿನ್ನ ಯಂತ್ರ ಜೀಪಿನಾಗ ಅಲುಗಾಡಿರಬೇಕು. ಸೀಸೆ ತಗೊಂಡು ಇಲ್ಲಿಗೇ ಬಾ. ದೊಡ್ಡ ಯಂತ್ರಕ್ಕ ಹಾಕಿ ನೋಡೂಣು.”

ದೊಡ್ಡ ಯಂತ್ರ ಕಲಬುರಗಿಯಲ್ಲಿ ತಂಪುಮಾಡಿದ ಕೋಣೆಯೊಂದರಲ್ಲಿ ಗುಂಯ್ ಎನ್ನುತ್ತ ಕೂತಿತ್ತು. ಹನಿಯನ್ನು ಸುಟ್ಟು ಆವಿ ಮಾಡಿ, ಪರಮಾಣುಗಳನ್ನು ಅಯಸ್ಕಾಂತದ ತಿರುವಿನಲ್ಲಿ ಓಡಿಸಿ, ಭಾರದ್ದನ್ನೂ ಹಗುರದ್ದನ್ನೂ ಬೇರೆ ಬೇರೆ ಬಟ್ಟಲಿಗೆ ಬೀಳಿಸಿ ಎಣಿಸುವುದು ಅದರ ಬಗೆ. ಪ್ರಭಾ ಬಾವಿಯ ನೀರಿನ ಜೊತೆಗೆ ಮರಡಗಾದ ಆಳದಿಂದ ಕೊರೆದು ತೆಗೆದಿದ್ದ ಅದಿರಿನ ತುಂಡುಗಳನ್ನೂ ಕರಗಿಸಿ ಇಟ್ಟಳು. ಅದಿರು ಹೇಗೆ ಹುಟ್ಟಿತು ಎಂಬ ಹಳೆಯ ಪ್ರಶ್ನೆಗೂ ಅವಳು ಉತ್ತರ ಕೊಡಬೇಕಿತ್ತಲ್ಲ.

ವಾರ ಕಳೆದು ಫಲಿತಾಂಶ ಬಂದಾಗ ಇಬ್ಬರೂ ಪರದೆಯ ಮುಂದೆ ಕೂತರು. ಮೂಲಮಾಪಕ ಹೇಳಿದ್ದು ಸರಿಯಾಗಿತ್ತು. ಬಾವಿಯ ನೀರಿನಲ್ಲಿ ಭಾರದ ಪರಮಾಣುಗಳು ಕಡಿಮೆಯಾಗಿದ್ದವು. ಅದಿರಿನಲ್ಲಿ ಅವು ಹೆಚ್ಚಾಗಿದ್ದವು.

“ಈ ಅದಿರು ಬಿಸಿನೀರಿನಿಂದ ಆಗಿದ್ದಲ್ಲ,” ಎಂದರು ಹಬೀಬುದ್ದೀನ್ ಮೆಲ್ಲಗೆ. “ಜೀವಿಗಳು ಕಟ್ಟಿದ್ದು.”

“ಬಾವಿಯೊಳಗ ಈಗಲೂ ಕಟ್ಲಾಕತ್ತಾವ ಸರ್. ನೀರಿನಾಗಿಂದು ಹಿಡದು ಮಣ್ಣಿಗಿ ಹಾಕ್ಲಾಕತ್ತಾವ. ಅದಕ್ಕೇ ನೀರಿನಾಗ ಏನೂ ಉಳದಿಲ್ಲ.”

ಅವರು ಕನ್ನಡಕ ತೆಗೆದು ಅವಳತ್ತ ತಿರುಗಿದರು. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಒಂದು ಬಾವಿಯಲ್ಲಿ ತಾನಾಗಿ ಆಗುವುದನ್ನು ಊರಿನ ನೀರಿಗೆಲ್ಲ ಮಾಡಿಸಲು ಸಾಧ್ಯವಾದರೆ?

ಆಗಲೇ ಮಲ್ಕಮ್ಮನ ಫೋನು ಬಂತು. ಅವಳ ದನಿ ಏದುಸಿರಿನಲ್ಲಿತ್ತು.

“ಮೇಡಂ, ಜೆಸಿಬಿ ಬಂದದ್ರಿ. ಬಾವಿ ಮುಚ್ಚತೀವಿ ಅಂತಾರ. ಗೌರಾಬಾಯಾರು ಪಂಚಾಯ್ತಿಯಾಗ ಪಾಸು ಮಾಡಿಸ್ಯಾರ. ನನ್ನ ಬಚ್ಚಲ ಗುಂಡೀನೂ ಕೂಡೇ ಮುಚ್ಚಸ್ತಾರಂತ. ನಾ ಗಿರಾಕಿಗೆ ಎಲ್ಲಿ ಕೈ ತೊಳಸ್ಲಿ ಹೇಳ್ರಿ?”

ಪ್ರಭಾ ಎದ್ದು ನಿಂತಳು. ಅಲ್ಲಿಗೆ ಜೀಪು ಮುಟ್ಟುವಷ್ಟರಲ್ಲಿ ಬಾವಿ ಕಲ್ಲು ತುಂಬಿ ಸಮತಟ್ಟಾಗಿರುತ್ತದೆ. ಒಳಗಿನ ಜೀವಿಗಳಿಗೆ ಏನಾಗುವುದೋ, ಅವು ಏನು ತಿಂದು ಬದುಕಿವೆಯೋ, ಒಂದೂ ಗೊತ್ತಿಲ್ಲ. ಇಂಥದ್ದು ಬೇರೆಲ್ಲಾದರೂ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ.

“ಫೋನ್ ಗೌರಾಬಾಯಿ ಕೈಗಿ ಕೊಡವ್ವಾ.”

“ಅವರ ಕೂಡ ನಾ ಮಾತಾಡಂಗಿಲ್ರಿ.”

“ನೀ ಮಾತಾಡಬ್ಯಾಡ. ಫೋನ್ ಕೊಡು ಸಾಕು.”

ಗೌರಾಬಾಯಿಯ ದನಿ ಬಿಗಿಯಾಗಿತ್ತು. “ಏನ್ರಿ ಮೇಡಂ, ಈಕಿ ವಕೀಲಿ ಮಾಡ್ಲಾಕತ್ತೀರೇನು?”

“ಇಲ್ರಿ ಬಾಯಾರ, ಊರಿನ ವಕೀಲಿ. ಆ ಬಾವಿ ನೀರಿನಾಗ ವಿಷ ಇಲ್ಲ. ನಿಮ್ಮೂರಾಗ ವಿಷ ಇಲ್ಲದ ನೀರು ಅದೊಂದೇ ಅದ. ಯಾಕ ಇಲ್ಲ ಅನ್ನೋದು ತಿಳದ್ರ ಬಾಕಿ ನೀರೂ ಶುದ್ಧ ಮಾಡಬಹುದು. ಊರು ಉಳೀಬಹುದು. ‘ಬಹುದು’ ಅಂತ ಅಷ್ಟೇ ಹೇಳ್ತೀನಿ. ಖಾತ್ರಿ ಕೊಡ್ಲಾಕ ಬರಂಗಿಲ್ಲ. ಆದ್ರ ಬಾವಿ ಮುಚ್ಚಿದ್ರ ಆ ‘ಬಹುದು’ ಸುದ್ದಾ ಹೋಗ್ತದ.”

ಫೋನಿನ ಆಚೆ ಜೆಸಿಬಿ ಗುರುಗುಟ್ಟುತ್ತಿತ್ತು. ಆಮೇಲೆ ಫೋನು ಕಡಿದುಹೋಯಿತು.

ಪ್ರಭಾ ದಾರಿಯುದ್ದಕ್ಕೂ ಚಾಲಕನಿಗೆ ಬೇಗ ಬೇಗ ಎನ್ನುತ್ತಲೇ ಇದ್ದಳು. ಊರು ಮುಟ್ಟಿದಾಗ ಕಂಡ ನೋಟಕ್ಕೆ ಅವಳ ಎದೆ ಹಗುರಾಯಿತು. ಬಾವಿಯ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಮೂಗಿಗೆ ಕರವಸ್ತ್ರ ಹಿಡಿದು ಗೌರಾಬಾಯಿ ಕೂತಿದ್ದರು. ಜೆಸಿಬಿಯವನು ಬೇವಿನ ನೆರಳಿನಲ್ಲಿ ಮಲಗಿಬಿಟ್ಟಿದ್ದ. ಒಂದಷ್ಟು ದೂರದಲ್ಲಿ ಮಲ್ಕಮ್ಮ ಚಹಾದ ಲೋಟ ಹಿಡಿದು, ಕೊಡಲೋ ಬೇಡವೋ ಎಂಬಂತೆ ನಿಂತಿದ್ದಳು.

“ಈ ವಾಸನಿ ಕುಡಕೋತ ಕುಂತೀನಿ ಮೇಡಂ,” ಎಂದರು ಗೌರಾಬಾಯಿ. “ನಿಮ್ಮ ಮಾತು ಸುಳ್ಳಾತಂದ್ರ ನಿಮ್ಮನ್ನೂ ಇಲ್ಲೇ ಕುಂದರಸ್ತೀನಿ.”

ಬಾವಿಯ ತಳದಿಂದ ಮೇಲೆತ್ತಿದ ಕೆಸರು ಕಾಡಿಗೆಯಂತೆ ಕಪ್ಪಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ಕಡ್ಡಿಯಂಥ ಜೀವಿಗಳು ಕಿಕ್ಕಿರಿದಿದ್ದವು. ಗಾಳಿಯಿಲ್ಲದ ಕಡೆ ಬದುಕುವ ಜಾತಿ ಅವು. ನಾವು ಅನ್ನ ತಿಂದು ಗಾಳಿ ಉಸಿರಾಡುವಂತೆ ಅವು ಸಿಕ್ಕ ಆಹಾರ ತಿಂದು ಕಬ್ಬಿಣವನ್ನೋ ಗಂಧಕವನ್ನೋ ಯುರೇನಿಯಮನ್ನೋ ‘ಉಸಿರಾಡುತ್ತವೆ’. ಬಾವಿಯ ದುರ್ವಾಸನೆ ಗಂಧಕದ್ದು. ಅವು ಉಸಿರಾಡಿದ ಯುರೇನಿಯಂ ಮತ್ತೆ ನೀರಿನಲ್ಲಿ ಕರಗದಂತೆ ಗಟ್ಟಿಯಾಗಿ ಕಲ್ಲಿಗೆ ಅಂಟುತ್ತದೆ. ಆದರೆ ಬರೀ ಸುಣ್ಣಕಲ್ಲಿನ ನಡುವೆ ಅವಕ್ಕೆ ಆಹಾರ ಎಲ್ಲಿಂದ?

ಪ್ರಭಾ ಮಲ್ಕಮ್ಮನನ್ನು ಕೇಳಿದಳು. “ನಿನ್ನ ಬಚ್ಚಲ ಗುಂಡಿ ನೀರು ಬಾವಿಗಿ ಹೋಗ್ತದೇನವ್ವಾ?”

“ಇಲ್ರಿ, ಒಂದು ಹನೀನೂ ಹೋಗಂಗಿಲ್ಲ,” ಎಂದಳು ಮಲ್ಕಮ್ಮ ತಟ್ಟನೆ. ಅವಳ ಮುಖ ಇಳಿದಿತ್ತು.

“ಹೋಗ್ತಿದ್ರ ಛಲೋ ಇತ್ತು.”

ಮಲ್ಕಮ್ಮ ಅವಳನ್ನೇ ಅನುಮಾನದಿಂದ ದಿಟ್ಟಿಸಿದಳು. ಆಮೇಲೆ ಗೌರಾಬಾಯಿ ಆಸುಪಾಸಿನಲ್ಲಿ ಇಲ್ಲವೆಂದು ಖಾತ್ರಿಮಾಡಿಕೊಂಡು ದನಿ ತಗ್ಗಿಸಿದಳು. “ಗುಂಡಿ ತುಂಬೋದೇ ಇಲ್ರಿ ಮೇಡಂ. ಎಷ್ಟು ಗಂಜಿ ಬಸದ್ರೂ, ಎಷ್ಟು ಹಿಟ್ಟಿನ ಪರಾತ ತೊಳದ್ರೂ ಒಳಗೊಳಗೇ ಎಲ್ಲಿಗೋ ಹೋಗ್ತದ. ಖಾನಾವಳಿ ಶುರು ಮಾಡಿದಾಗಿಂದ ಹಂಗೇ ಅದ.”

ಸುಣ್ಣಕಲ್ಲಿನ ಬಿರುಕುಗಳಲ್ಲಿ ಅದು ಬಾವಿಯ ಸುತ್ತ ಇಂಗುತ್ತಿತ್ತು. ಖಾನಾವಳಿಯ ಅನ್ನದ ಗಂಜಿ, ಜೋಳದ ಹಿಟ್ಟಿನ ತೊಳೆ ಇಷ್ಟು ವರ್ಷ ನೆಲದೊಳಗಿನ ಜೀವಿಗಳನ್ನು ಸಾಕಿದ್ದವು.

ಹಬೀಬುದ್ದೀನ್ ತಾವೇ ಊರಿಗೆ ಬಂದರು. ಮೇಲಿನವರ ಜೊತೆ ಮಾತಾಡಿ, ಊರು ಸಾಗಿಸುವ ಕೆಲಸವನ್ನು ಮಳೆಗಾಲ ಮುಗಿಯುವವರೆಗೆ ತಡೆಹಿಡಿಸಿದ್ದರು. ಒಂದು ಬೋರ್‌ವೆಲ್‌ನ ಸುತ್ತ ಸಣ್ಣ ಕೊಳವೆಗಳನ್ನು ಇಳಿಸಿ, ಬಾವಿಯ ಕೆಸರಿನಲ್ಲಿ ಬೆಳೆಸಿದ ಜೀವಿಗಳನ್ನು ಬಿಟ್ಟು, ದಿನವೂ ಗಂಜಿ ಉಣಿಸಲು ಶುರುಮಾಡಿದರು. ಖಾನಾವಳಿಯದೊಂದೇ ಸಾಲದೆ ಮನೆಮನೆಯಿಂದ ಗಂಜಿ ಬರಬೇಕಾಯಿತು. ಯಾವ ಓಣಿಯ ಪಾಳಿ ಯಾವತ್ತು ಎಂಬುದನ್ನು ಗೌರಾಬಾಯಿ ಗೊತ್ತುಮಾಡಿದರು. ಒಬ್ಬಾಕೆ ಉಳಿದ ಸಾರನ್ನೂ ಸುರಿದಾಗ “ಉಪ್ಪು ಖಾರ ಬ್ಯಾಡ, ಅವು ನಮ್ಮಂಗಲ್ಲ” ಎಂದು ಪ್ರಭಾ ತಿಳಿಸಿ ಹೇಳಿದಳು. ಅದನ್ನು ಕೇಳಿದ ಗಣಿಯವರು ಊಟಕ್ಕೆ ಕೂತಾಗ, “ಮಲ್ಕಮ್ಮಾ, ನಮಗ ಖಾರ ಇರ್ಲಿ, ನಾವು ಮನಷ್ಯಾರು” ಎಂದು ಚೇಷ್ಟೆ ಮಾಡುತ್ತಿದ್ದರು.

ಬಹಳ ದಿನ ಏನೂ ಆಗಲಿಲ್ಲ. ಬೋರ್‌ವೆಲ್ ನೀರು ನಾರತೊಡಗಿತು, ಅಷ್ಟೇ. ಯುರೇನಿಯಂ ಒಂದು ದಿನ ಇಳಿದರೆ ಮರುದಿನ ಏರುತ್ತಿತ್ತು. ಮಳೆ ಬೇರೆ ಶುರುವಾಗಿ ಇಳಿತಕ್ಕೆ ಜೀವಿಗಳು ಕಾರಣವೋ ಮಳೆ ಕಾರಣವೋ ತಿಳಿಯದಾಯಿತು. ಊರಿನಲ್ಲಿ ಒಬ್ಬೊಬ್ಬರಾಗಿ ಸಾಮಾನು ಕಟ್ಟುವ ಮಾತೆತ್ತಿದರು. ಪ್ರಭಾಳಿಗೆ ತಾನು ಸುಮ್ಮನೆ ಆಸೆ ಹುಟ್ಟಿಸಿದೆನೇನೋ ಎಂಬ ಅಳುಕು ಕಾಡತೊಡಗಿತು. ಮಲ್ಕಮ್ಮ ಬಡಿಸುವಾಗ ಅವಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು.

ಮಳೆ ನಿಂತು ಬಿಸಿಲು ಬಿದ್ದ ಒಂದು ಮುಂಜಾನೆ ಮೂಲಮಾಪಕದ ಪರದೆಯ ಮೇಲೆ ಭಾರದ ಪರಮಾಣುಗಳ ಪಾಲು ಕೂದಲೆಳೆಯಷ್ಟು ಇಳಿದದ್ದು ಕಂಡಿತು. ಮಳೆ ನೀರಿಗೆ ಹಾಗೆ ಮಾಡಲು ಬರುವುದಿಲ್ಲ. ಮರುದಿನ ಇನ್ನಷ್ಟು ಇಳಿಯಿತು. ವಾರದೊಳಗೆ ಗುಮಾನಿಗೆ ಎಡೆಯೇ ಇರಲಿಲ್ಲ. ನೆಲದೊಳಗೆ ಕೆಲಸ ಶುರುವಾಗಿತ್ತು. ಅದರ ಹಿಂದೆಯೇ ಯುರೇನಿಯಂ ಕೂಡ ಇಳಿಯುತ್ತ ಹೋಗಿ ಕೊನೆಗೆ ಕುಡಿಯಬಹುದಾದ ಮಟ್ಟಕ್ಕಿಂತ ಕೆಳಗೆ ನಿಂತಿತು. ಪ್ರಭಾ ಮೇಲಿನ ಕೋಣೆಯಿಂದ ಮೆಟ್ಟಿಲಿಳಿದು ಬಂದಾಗ ಅವಳ ಮುಖ ನೋಡಿಯೇ ಮಲ್ಕಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

“ಆತೇನ್ರಿ?”

“ಆತವ್ವಾ.”

ಮಲ್ಕಮ್ಮ ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಗೆ ಓಡಿದಳು. ಎರಡು ಮನೆಗಳ ನಡುವಿನ ಗೋಡೆಯಾಚೆಯಿಂದ ಗೌರಾಬಾಯಿ ಜೋರಾಗಿ ಅತ್ತದ್ದು, ಆಮೇಲೆ ಇಬ್ಬರೂ ಏನೋ ಅಂದುಕೊಂಡು ನಕ್ಕದ್ದು ಪ್ರಭಾಳಿಗೆ ಕೇಳಿಸಿತು.

ಮುಂದಿನ ಕೆಲಸ ಸರಸರ ಸಾಗಿತು. ನೆಲದೊಳಗೆ ಗಂಜಿ ಬಿಡುವ ಬದಲು ಜಲ್ಲಿ ತುಂಬಿದ ದೊಡ್ಡ ತೊಟ್ಟಿಯೊಂದನ್ನು ಊರ ಮುಂದೆ ಕಟ್ಟಿ, ಗಂಜಿಯನ್ನು ಅದಕ್ಕೇ ಬಿಡತೊಡಗಿದರು. ಬೋರ್‌ವೆಲ್ ನೀರು ಮುಚ್ಚಳವಿರುವ ಈ ತೊಟ್ಟಿಯಲ್ಲಿ ಜೀವಿಗಳ ನಡುವೆ ನಿಧಾನವಾಗಿ ಹಾಯ್ದು, ಆಮೇಲೆ ಬಯಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಧುಮುಕಿ ವಾಸನೆ ಕಳೆದುಕೊಂಡು, ಮರಳಿನಲ್ಲಿ ಸೋಸಿ, ನೇರಳಾತೀತ ದೀಪದ ಕಿರಣದಲ್ಲಿ ರೋಗಾಣು ಕಳೆದು ನಲ್ಲಿಗೆ ಬರುತ್ತಿತ್ತು. ಯುರೇನಿಯಂ ಅಂಟಿದ ಜಲ್ಲಿಯನ್ನು ಆಗಾಗ ಬದಲಿಸಿ ಭದ್ರವಾಗಿ ಸಾಗಿಸುವ ಹೊಣೆಯನ್ನು ಪ್ರಯೋಗಾಲಯ ವಹಿಸಿಕೊಂಡಿತು. ಊರು ಸಾಗಿಸುವ ಆದೇಶ ರದ್ದಾಯಿತು. ಹೊಸ ಬಡಾವಣೆಯ ಮನೆಗಳು ಸುತ್ತಲಿನ ಮನೆಯಿಲ್ಲದವರಿಗೆ ಹೋದವು.

ನಲ್ಲಿ ಬಂದ ದಿನ ಹಬೀಬುದ್ದೀನ್ ಮೊದಲ ಲೋಟ ಕುಡಿದು, “ಮೊದಲಿನ ಬೋರ್‌ವೆಲ್ ನೀರಿನಷ್ಟು ಸಿಹಿ ಇಲ್ಲ ನೋಡ್ರಿ” ಎಂದು ಪ್ರಾಮಾಣಿಕವಾಗಿ ಹೇಳಿದರು. ಅದಕ್ಕೆ ಯಾರೂ ಬೇಸರಪಡಲಿಲ್ಲ.

ಚಳಿ ಶುರುವಾದಾಗ ಪ್ರಭಾ ಮತ್ತೊಮ್ಮೆ ಮರಡಗಾಕ್ಕೆ ಬಂದಳು. ತೊಟ್ಟಿಯ ಜಲ್ಲಿಗೆ ಹತ್ತಿದ ಕಪ್ಪು ಲೇಪವನ್ನು ಅವಳು ದೊಡ್ಡ ಯಂತ್ರಕ್ಕೆ ಹಾಕಿ ನೋಡಿದ್ದಳು. ಭಾರದ ಪರಮಾಣುಗಳು ಆಳದ ಅದಿರಿನಲ್ಲಿ ಎಷ್ಟು ಹೆಚ್ಚಾಗಿದ್ದವೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಅವಳ ವೃತ್ತಿಜೀವನದ ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಂತಾಗಿತ್ತು. ಅದನ್ನು ಮೊದಲು ಯಾರಿಗೆ ಹೇಳಬೇಕೆಂದು ಅವಳಿಗೆ ಸಂದೇಹವಿರಲಿಲ್ಲ. ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆ, ಹೊರಗಿನ ಫರಸಿಯ ಮೇಲೆ ಮಲ್ಕಮ್ಮ, ಗೌರಾಬಾಯಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಪ್ರಭಾ ಅದಿರಿನ ಕಥೆ ಹೇಳಿದಳು.

“ನಿಮ್ಮೂರ ಕೆಳಗಿನ ಅದಿರು ಸುದ್ದಾ ಹಿಂಗೇ ಆಗ್ಯಾದ್ರಿ. ಗುಡ್ಡದಾಗಿಂದ ನೀರು ಯುರೇನಿಯಂ ಹೊತ್ಕೊಂಡು ಬಂತು. ಇಂಥವೇ ಜೀವಿ ಅದನ್ನ ಹಿಡದು ಕಲ್ಲಿಗೆ ಅಂಟಿಸಿದ್ವು. ಎಷ್ಟೋ ಕೋಟಿ ವರ್ಷದ ಹಿಂದಿನ ಮಾತು. ಆಗ ಮನಷ್ಯಾರೂ ಇಲ್ಲ, ಗಿಡಾನೂ ಇಲ್ಲ, ಹುಲ್ಲೂ ಇಲ್ಲ.”

ಗೌರಾಬಾಯಿ ಅಚ್ಚರಿಯಿಂದ ನೆಲದತ್ತ ನೋಡಿದರು. ಮಲ್ಕಮ್ಮ ಮಾತ್ರ ಬೇರೇನನ್ನೋ ಯೋಚಿಸುತ್ತಿದ್ದಳು.

“ಹಂಗಾದ್ರ ಮೇಡಂ, ಆಗ ಅವಕ್ಕ ಗಂಜಿ ಯಾರು ಹಾಕ್ತಿದ್ರು?”

ಪ್ರಭಾ ಬೆರಗಾಗಿ ಅವಳನ್ನು ನೋಡಿದಳು. ಕೇಳಬೇಕಾದದ್ದು ಆ ಪ್ರಶ್ನೆಯನ್ನೇ.

“ಸಮುದ್ರ,” ಎಂದಳು. “ಇಲ್ಲೆಲ್ಲಾ ಆಗ ಸಮುದ್ರ ಇತ್ತವ್ವಾ. ಅದಕ್ಕೇ ಈ ಸುಣ್ಣಕಲ್ಲು. ನೀರಿನಾಗ ಪಾಚಿ ಬೆಳೀತಿತ್ತು, ಸಾಯ್ತಿತ್ತು, ತಳಕ್ಕ ಬೀಳ್ತಿತ್ತು. ಅದನ್ನೇ ತಿಂತಿದ್ವು.”

ಬಿಸಿಲಿನಲ್ಲಿ ಮರಡಗಾದ ಕಲ್ಲಿನ ಮನೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಗಣಿಯ ಕಡೆಯಿಂದ ಉಳಿ ಬಡಿಯುವ ಸದ್ದು ಬರುತ್ತಿತ್ತು.

“ನೋಡ್ರಿ ಬಾಯಾರ,” ಎಂದಳು ಮಲ್ಕಮ್ಮ ಗೌರಾಬಾಯಿಯತ್ತ ತಿರುಗಿ. “ಈ ಊರಾಗ ಮೊದಲನೇ ಖಾನಾವಳಿ ನಂದೇ ಅಂತ ಇಷ್ಟು ದಿನ ತಿಳಕೊಂಡಿದ್ದೆ.”